ಬೆಲ್ಪರ್: ಮೊಳೆ ಬಡಿಯುತ್ತಿದ್ದ ಊರಿಗೆ ನೂಲು ಬಂದದ್ದು ಹೇಗೆ?

ಇಂಗ್ಲೆಂಡಿನ ಡರ್ಬಿಯಲ್ಲಿ ಉತ್ತರದ ಕಡೆ ಹೋಗುವ ರೈಲು ಹತ್ತಿದರೆ ಹತ್ತು-ಹನ್ನೆರಡು ನಿಮಿಷಕ್ಕೆ ಬೆಲ್ಪರ್ ಬರುತ್ತದೆ. ಊರು ದೊಡ್ಡದಲ್ಲ. ಇಳಿದು ಡರ್ವೆಂಟ್ ನದಿಯ ಸೇತುವೆ ಕಡೆ ನಡೆದರೆ ಮೊದಲು ನೀರಿನ ಸದ್ದು ಕೇಳುತ್ತದೆ. ಆಮೇಲೆ ಕುದುರೆ ಲಾಳದ ಹಾಗೆ ಬಾಗಿದ ಕಲ್ಲಿನ ಒಡ್ಡು ಕಾಣುತ್ತದೆ. ಅದರ ಪಕ್ಕ ಎರಡು ಗಿರಣಿಗಳು. ಒಂದು ಏಳು ಅಂತಸ್ತಿನ, ಮೇಲೆ ಗೋಪುರ ಹೊತ್ತ, ಕೆಂಪು ಇಟ್ಟಿಗೆಯ ಭಾರಿ ಕಟ್ಟಡ. ಇನ್ನೊಂದು ಅದರ ಮಗ್ಗುಲಲ್ಲಿ ತಮ್ಮನ ಹಾಗೆ ನಿಂತ ಸಣ್ಣದು. ತಮ್ಮನ ಹಾಗೆ ಕಂಡರೂ ವಯಸ್ಸಿನಲ್ಲಿ ಅದೇ ಅಣ್ಣ. ದೊಡ್ಡದು, ಈಸ್ಟ್ ಮಿಲ್, 1912ರದ್ದು; ಸಣ್ಣದು, ನಾರ್ತ್ ಮಿಲ್, 1804ರದ್ದು. ಬಂದವರು ದೊಡ್ಡದರ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಕಥೆ ಇರುವುದು ಸಣ್ಣದರಲ್ಲಿ.

ಬೆಲ್ಪರ್ ಅರ್ಥವಾಗಬೇಕಾದರೆ ಗಿರಣಿಯನ್ನಷ್ಟೇ ನೋಡಿದರೆ ಸಾಲದು. ಇಡೀ ಊರನ್ನೇ ಒಂದು ಯಂತ್ರ ಅಂದುಕೊಳ್ಳಬೇಕು. ನದಿ, ಒಡ್ಡು, ಗಿರಣಿ, ಮನೆಗಳ ಸಾಲು, ಶಾಲೆ, ಹಾಲಿನ ಡೈರಿ, ಕೊನೆಗೆ ಗಂಡಸರು ಮಾಡುತ್ತಿದ್ದ ಮೊಳೆ ಕೆಲಸ ಕೂಡ ಅದರ ಬಿಡಿಭಾಗಗಳು. ಒಂದನ್ನು ಕಳಚಿದರೆ ಇನ್ನೊಂದು ಏಕೆ ಅಲ್ಲಿದೆ ಅನ್ನುವುದು ಗೊತ್ತಾಗುವುದಿಲ್ಲ.

ಮೊದಲು ಪ್ಯಾರಿಷ್ ಅಂದರೆ ಏನು ಅಂತ ನೋಡಿಬಿಡೋಣ. ಇಂಗ್ಲೆಂಡಿನ ಯಾವ ಊರಿನ ಚರಿತ್ರೆ ಓದಿದರೂ ಈ ಪದ ಅಡ್ಡ ಬರುತ್ತದೆ. ಮೂಲದಲ್ಲಿ ಪ್ಯಾರಿಷ್ ಅಂದರೆ ಒಂದು ಚರ್ಚಿಗೆ ಸೇರಿದ ಸೀಮೆ. ಆ ಸೀಮೆಯವರು ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ ಕೊಡಬೇಕಿತ್ತು. 1538ರಿಂದ ಜ್ಞಾನಸ್ನಾನ, ಮದುವೆ, ಮಣ್ಣು ಮಾಡಿದ್ದು ಎಲ್ಲವನ್ನೂ ಚರ್ಚಿನ ಪುಸ್ತಕದಲ್ಲಿ ಬರೆಯುವುದು ಶುರುವಾಯಿತು. 1601ರ ಬಡವರ ಕಾನೂನು ಬಂದ ಮೇಲೆ ಊರಿನ ಗತಿಗೆಟ್ಟವರನ್ನು ನೋಡಿಕೊಳ್ಳುವ ಹೊಣೆಯೂ ಪ್ಯಾರಿಷ್‌ನದೇ ಆಯಿತು. ಅದಕ್ಕೆ ಊರವರಿಂದಲೇ ತೆರಿಗೆ ಎತ್ತುತ್ತಿದ್ದರು. ಅಂದರೆ ದೇವರ ಲೆಕ್ಕ, ಜನರ ಲೆಕ್ಕ, ದುಡ್ಡಿನ ಲೆಕ್ಕ ಮೂರೂ ಒಂದೇ ಕಡೆ. ಆಡಳಿತದ ಪ್ಯಾರಿಷ್‌ಗೆ ತನ್ನದೇ ಆದ ಚುನಾಯಿತ ಕೌನ್ಸಿಲ್ ಸಿಕ್ಕಿದ್ದು 1894ರ ಕಾನೂನಿನಿಂದ. ಈಗಲೂ ಬೆಲ್ಪರ್‌ಗೆ ಒಂದು ಟೌನ್ ಕೌನ್ಸಿಲ್ ಇದೆ. ಹೆಸರು ಟೌನ್ ಅಂತಿದ್ದರೂ ಅದು ಇರುವುದು ಪ್ಯಾರಿಷ್ ಮಟ್ಟದಲ್ಲೇ.

ತಮಾಷೆ ಅಂದರೆ ಬೆಲ್ಪರ್ ಬಹಳ ಕಾಲ ಸ್ವಂತ ಪ್ಯಾರಿಷ್ ಕೂಡ ಆಗಿರಲಿಲ್ಲ. ಪಕ್ಕದ ಡಫೀಲ್ಡ್ ಪ್ಯಾರಿಷ್‌ನ ಒಂದು ಮೂಲೆ ಅದು. ಡಫೀಲ್ಡಿನ ಸುತ್ತ ಬೇಟೆಯ ಕಾಡಿತ್ತು. ಕಾಡಿನಲ್ಲಿ ಕೆಲಸ ಮಾಡುವವರಿಗೆ ಅಂತ 13ನೇ ಶತಮಾನದಲ್ಲಿ ಇಲ್ಲೊಂದು ಪುಟ್ಟ ಪ್ರಾರ್ಥನಾ ಮಂದಿರ ಕಟ್ಟಿದ್ದರು. ಸೇಂಟ್ ಜಾನರ ಹೆಸರಿನ ಆ ಕಟ್ಟಡ ಇನ್ನೂ ಇದೆ. ಊರಿನ ಹೆಸರೂ ಆ ಕಾಲದ್ದೇ. 'ಬೋರ್ಪೇರ್' ಅನ್ನುವ ಹಳೆಯ ಫ್ರೆಂಚ್ ಮಾತು, ಚೆಂದದ ತಂಗುದಾಣ ಅಂತ ಅರ್ಥ. ಜನರ ಬಾಯಲ್ಲಿ ಸವೆದು ಸವೆದು ಬೆಲ್ಪರ್ ಆಯಿತು. ದೊಡ್ಡ ಚರ್ಚು, ಸೇಂಟ್ ಪೀಟರ್ಸ್, ಬಂದದ್ದು 1824ರಲ್ಲಿ. ಅಷ್ಟು ಹೊತ್ತಿಗೆ ಗಿರಣಿಗಳಿಂದಾಗಿ ಊರಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ತುಂಬಿದ್ದರು.

ಗಿರಣಿಗೂ ಮುಂಚೆ ಇಲ್ಲಿದ್ದದ್ದು ಮೊಳೆ. ಹತ್ತಿರದಲ್ಲೇ ಕಲ್ಲಿದ್ದಲು, ಕಬ್ಬಿಣದ ಅದಿರು, ಸೌದೆ ಎಲ್ಲ ಸಿಗುತ್ತಿತ್ತು. ಹಾಗಾಗಿ ಮನೆಯ ಹಿಂದೊಂದು ಚಿಕ್ಕ ಕುಲುಮೆ, ತಿದಿ, ಅಡಿಗಲ್ಲು ಇಟ್ಟುಕೊಂಡು ಗಂಡಸರು ಮೊಳೆ ಬಡಿಯುತ್ತಿದ್ದರು. ದಲ್ಲಾಳಿ ಕಬ್ಬಿಣದ ಸಲಾಕೆ ಕೊಡುತ್ತಿದ್ದ, ಮೊಳೆ ವಾಪಸ್ ತೆಗೆದುಕೊಂಡು ಕೂಲಿ ಕೊಡುತ್ತಿದ್ದ. ಕುದುರೆ ಲಾಳದ ಮೊಳೆಗೆ ಬೆಲ್ಪರ್ ಹೆಸರುವಾಸಿ. ಒಡ್ಡು ಕೂಡ ಲಾಳದ ಆಕಾರದಲ್ಲಿರುವುದು ಬರೀ ಕಾಕತಾಳೀಯ, ಆದರೂ ಹೇಳದೆ ಇರಲಾಗುವುದಿಲ್ಲ. ಅಂಥ ಒಂದು ಮೊಳೆ ಕುಲುಮೆ ಗಿರಣಿ ಕಾರ್ಮಿಕರ ಮನೆಗಳ ನಡುವೆ ಇವತ್ತಿಗೂ ಉಳಿದಿದೆ. ಒಂದು ಕೋಣೆ, ಒಂದು ಹೊಗೆಗೂಡು, ಅಷ್ಟೇ.

ಈ ಮೊಳೆಯವರನ್ನು ಮರೆಯಬೇಡಿ. ಇವರು ಮತ್ತೆ ಬರುತ್ತಾರೆ.

ಈಗ ಜೆಡಿಡಾಯ ಸ್ಟ್ರಟ್. ಹುಟ್ಟಿದ್ದು 1726ರಲ್ಲಿ, ಡರ್ಬಿಶೈರಿನ ಸೌತ್ ನಾರ್ಮಂಟನ್‌ನಲ್ಲಿ. ಕಲಿತದ್ದು ಗಾಡಿ ಚಕ್ರ ಮಾಡುವ ಬಡಗಿ ಕೆಲಸ. ಹೆಂಡತಿ ಎಲಿಜಬೆತ್ ವೂಲಟ್, ಮನೆಗೆಲಸಕ್ಕಿದ್ದ ಹೆಣ್ಣುಮಗಳು. ಅವಳ ಅಣ್ಣನಿಗೆ ಕಾಲುಚೀಲದ ವ್ಯಾಪಾರ. ಆ ಕಾಲದ ಹೆಣಿಗೆ ಯಂತ್ರದಲ್ಲಿ ಸಪಾಟಾದ ಕಾಲುಚೀಲ ಮಾತ್ರ ಬರುತ್ತಿತ್ತು. ಹಿಗ್ಗಿ ಕಾಲಿಗೆ ಅಂಟಿಕೊಳ್ಳುವ ಗೆರೆಗೆರೆ ಹೆಣಿಗೆ ಬೇಕಾದರೆ ಕೈಯಲ್ಲೇ ಹೆಣೆಯಬೇಕು. ಸ್ಟ್ರಟ್ ಹಳೆಯ ಯಂತ್ರಕ್ಕೆ ಒಂದು ಜೋಡಣೆ ಸೇರಿಸಿದ, ಅದೂ ಬಂತು. 1758-59ರಲ್ಲಿ ಪೇಟೆಂಟ್ ಸಿಕ್ಕಿತು. 'ಡರ್ಬಿ ರಿಬ್' ಅಂತ ಅದಕ್ಕೆ ಹೆಸರು. ಬಡಗಿ ಸಾಹುಕಾರನಾದ.

ಕಾಲುಚೀಲಕ್ಕೆ ನೂಲು ಬೇಕು. ನೂಲಿನ ಯಂತ್ರ ಇದ್ದದ್ದು ರಿಚರ್ಡ್ ಆರ್ಕ್‌ರೈಟ್ ಹತ್ತಿರ. 1769ರಲ್ಲಿ ಅವನು ಪೇಟೆಂಟ್ ಪಡೆದ ಯಂತ್ರದ ಗುಟ್ಟು ಬಹಳ ಸರಳ. ಹಂಜಿಯನ್ನು ಒಂದರ ಹಿಂದೆ ಒಂದು ಜೋಡಿ ರೋಲರುಗಳ ನಡುವೆ ಬಿಡುವುದು. ಮೊದಲ ಜೋಡಿ ನಿಧಾನ, ಮುಂದಿನದು ಇನ್ನೂ ಜೋರು. ಹಿಂದಿನವನು ಬಿಡುವುದಕ್ಕಿಂತ ಮುಂದಿನವನು ಬೇಗ ಎಳೆದರೆ ಏನಾಗುತ್ತದೆ? ಹಂಜಿ ಹಿಗ್ಗಿ ತೆಳ್ಳಗಾಗುತ್ತದೆ. ಕೊನೆಯಲ್ಲಿ ಕದಿರು ಅದಕ್ಕೆ ಹುರಿ ಹಾಕುತ್ತದೆ. ರಾಟೆ ಮುಂದೆ ಕೂತ ಅಜ್ಜಿ ಬೆರಳಲ್ಲಿ ಮಾಡುವ ಕೆಲಸವನ್ನು ರೋಲರುಗಳು ಮಾಡುತ್ತಿದ್ದವು. ವ್ಯತ್ಯಾಸ ಅಂದರೆ ಬೆರಳಿಗೆ ದಣಿವಾಗುತ್ತದೆ, ನದಿಗೆ ಆಗುವುದಿಲ್ಲ. ಸ್ಟ್ರಟ್ ಮತ್ತು ಸ್ಯಾಮ್ಯುಯೆಲ್ ನೀಡ್ ಇಬ್ಬರೂ ದುಡ್ಡು ಹಾಕಿದರು. 1771ರಲ್ಲಿ ಬೆಲ್ಪರ್‌ನಿಂದ ಸ್ವಲ್ಪ ಮೇಲೆ ಕ್ರಾಮ್‌ಫರ್ಡ್‌ನಲ್ಲಿ ನೀರಿನಿಂದ ಓಡುವ ಗಿರಣಿ ಶುರುವಾಯಿತು.

ಇಲ್ಲೊಂದು ಅಡ್ಡಿ ಇತ್ತು, ಅದಕ್ಕೂ ನಮಗೂ ನಂಟಿದೆ. ಭಾರತದಿಂದ ಬರುತ್ತಿದ್ದ ಬಣ್ಣಬಣ್ಣದ ಹತ್ತಿ ಬಟ್ಟೆಗೆ ಇಂಗ್ಲೆಂಡಿನವರು ಮರುಳಾಗಿದ್ದರು. ಕ್ಯಾಲಿಕೋ ಅನ್ನುವ ಹೆಸರು ಬಂದದ್ದೇ ಕಲ್ಲಿಕೋಟೆಯಿಂದ. ಅಲ್ಲಿನ ಉಣ್ಣೆ, ರೇಷ್ಮೆಯವರು ಗಲಾಟೆ ಮಾಡಿ 1721ರಲ್ಲಿ ಅಚ್ಚು ಹಾಕಿದ ಹತ್ತಿ ಬಟ್ಟೆ ತೊಡುವುದನ್ನೇ ನಿಷೇಧ ಮಾಡಿಸಿದ್ದರು. ನಮ್ಮ ನೇಕಾರರನ್ನು ತಡೆಯಲು ಮಾಡಿದ ಕಾನೂನು ಈಗ ಸ್ಟ್ರಟ್, ಆರ್ಕ್‌ರೈಟ್ ಕೊರಳಿಗೇ ಸುತ್ತಿಕೊಂಡಿತು. ಯಂತ್ರದ ನೂಲು ಹಾಸಿಗೂ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗೂ, ಸಾಕಾಗುವಷ್ಟು ಗಟ್ಟಿ, ಪೂರ್ತಿ ಹತ್ತಿಯ ಬಟ್ಟೆ ಮಾಡಬಹುದು, ಆದರೆ ಕಾನೂನು ಬಿಡದು! ಸ್ಟ್ರಟ್ ಲಂಡನ್ನಿಗೆ ಹೋಗಿ ಪಾರ್ಲಿಮೆಂಟಿಗೆ ಅರ್ಜಿ ಹಾಕಿದ. 1774ರಲ್ಲಿ ಇಂಗ್ಲೆಂಡಿನಲ್ಲೇ ತಯಾರಾದ ಬಟ್ಟೆಗೆ ದಾರಿ ಬಿಟ್ಟರು. ಭಾರತದ ಬಟ್ಟೆಗೆ ಬಿಡಲಿಲ್ಲ. ಯಂತ್ರ ಗೆದ್ದಿತು ಅಂತ ಪಾಠದಲ್ಲಿ ಓದುತ್ತೇವೆ. ಯಂತ್ರದ ಜೊತೆ ಕಾನೂನೂ ಇತ್ತು ಅನ್ನುವುದನ್ನು ಸೇರಿಸಿಕೊಳ್ಳಬೇಕು.

ಆಮೇಲೆ ಸ್ಟ್ರಟ್ ತನ್ನದೇ ಆಗಿ ಬೆಲ್ಪರ್‌ನಲ್ಲಿ ಜಮೀನು ತೆಗೆದುಕೊಂಡ. 1778ರ ಹೊತ್ತಿಗೆ ಇಲ್ಲಿನ ಮೊದಲ ಗಿರಣಿ ಎದ್ದಿತು. ಬೆಲ್ಪರ್ ಯಾಕೆ? ಒಂದು ಕಾರಣ ನೀರು, ಅದು ಎಲ್ಲರಿಗೂ ಗೊತ್ತಾಗುವಂಥದ್ದು. ಇನ್ನೊಂದು ಕಾರಣ ಆ ಮೊಳೆಯವರು. ಗಿರಣಿಗೆ ಗಂಡಸರು ಅಷ್ಟಾಗಿ ಬೇಕಿರಲಿಲ್ಲ. ಬೇಕಿದ್ದದ್ದು ಹೆಂಗಸರು, ಮಕ್ಕಳು. ಗಂಡನಿಗೆ ಕೆಲಸವಿಲ್ಲದ ಊರಿಗೆ ಹೆಂಡತಿ ಮಕ್ಕಳು ಬಂದು ನೆಲೆಸುವುದಿಲ್ಲ. ಬೆಲ್ಪರ್‌ನಲ್ಲಿ ಗಂಡಸರಿಗೆ ಮೊಳೆ ಕೆಲಸ, ಹೆಣಿಗೆ ಕೆಲಸ ಮೊದಲೇ ಇತ್ತು. ಕೆಲವು ಕಡೆ ಗಿರಣಿಯವರು ದೂರದ ಪ್ಯಾರಿಷ್‌ಗಳಿಂದ ಅನಾಥ ಮಕ್ಕಳನ್ನು ಕರಾರು ಬರೆಸಿಕೊಂಡು ತರುತ್ತಿದ್ದರು. ಆ ಪ್ಯಾರಿಷ್‌ಗೂ ಸಾಕುವ ಖರ್ಚು ತಪ್ಪಿತು ಅಂತ ಖುಷಿ. ಸ್ಟ್ರಟ್ ಮನೆಯವರು ನೆಚ್ಚಿಕೊಂಡದ್ದು ಇಡೀ ಸಂಸಾರಗಳನ್ನೇ. 1801ಕ್ಕೆ ಊರಿನ ಜನ ಸುಮಾರು 4,500 ಆಗಿತ್ತು.

ಒಡ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನೀರಿನ ಚಕ್ರ ತಿರುಗಲು ನದಿ ಹರಿದರೆ ಸಾಲದು, ನೀರು ಎತ್ತರದಿಂದ ಬೀಳಬೇಕು. ಬಯಲಲ್ಲಿ ಹರಿಯುವ ನದಿಗೆ ಆ ಎತ್ತರವನ್ನು ನಾವೇ ಕಟ್ಟಿಕೊಡಬೇಕು. ಅದಕ್ಕೇ ಒಡ್ಡು. ಈಗ ಕಾಣುವ ಲಾಳದ ಒಡ್ಡು ಮುಗಿದದ್ದು 1797ರಲ್ಲಿ. ನೇರಕ್ಕೆ ಕಟ್ಟುವ ಬದಲು ಬಾಗಿಸಿ ಕಟ್ಟಿದರೆ ಒಡ್ಡಿನ ಉದ್ದ ಜಾಸ್ತಿಯಾಗುತ್ತದೆ. ಮಳೆಗಾಲದ ನೀರು ಆ ಉದ್ದಕ್ಕೆಲ್ಲ ಹರಡಿ ತೆಳ್ಳಗೆ ಇಳಿಯುತ್ತದೆ, ಹಿಂದಕ್ಕೆ ಏರಿ ಊರಿಗೆ ನುಗ್ಗುವುದು ಕಡಿಮೆ. 1795ರ ಪ್ರವಾಹದಲ್ಲಿ ಇಲ್ಲಿನ ಹಳೆಯ ಸೇತುವೆ ಕೊಚ್ಚಿಹೋಗಿತ್ತು, ಆ ಭಯ ಇನ್ನೂ ಹಸಿಯಾಗಿತ್ತು. ಒಡ್ಡಿನ ಹಿಂದೆ ನಿಂತ ನೀರು ಕಾಲುವೆ ಹಿಡಿದು ಗಿರಣಿಯ ಅಡಿಗೆ ಬಂದು, ಚಕ್ರದ ಎದೆಮಟ್ಟಕ್ಕೆ ಬೀಳುತ್ತಿತ್ತು. ಚಕ್ರದಿಂದ ಮೇಲಕ್ಕೆ ಒಂದು ನಿಲುವು ದಂಡ, ಅದರಿಂದ ಒಂದೊಂದು ಅಂತಸ್ತಿಗೂ ಅಡ್ಡ ದಂಡ, ಅಲ್ಲಿಂದ ಪಟ್ಟಿಗಳ ಮೂಲಕ ಯಂತ್ರಗಳಿಗೆ ಓಟ. ಗಿರಣಿ ಯಾಕೆ ಅಗಲವಾಗಿ ಹರಡದೆ ಮೇಲೆ ಮೇಲೆ ಬೆಳೆಯಿತು ಅನ್ನುವುದಕ್ಕೆ ಇದೂ ಒಂದು ಕಾರಣ. ಒಂದೇ ಚಕ್ರದ ಬಲವನ್ನು ಹತ್ತಿರದಲ್ಲೇ ಹಂಚಿಕೊಳ್ಳಬೇಕಿತ್ತು.

ಆ ಎತ್ತರವೇ ಅಪಾಯವೂ ಆಯಿತು. ಹತ್ತಿ ಗಿರಣಿಯ ಒಳಗನ್ನು ಸುಮ್ನೆ ಕಣ್ಣಿಗೆ ತಂದುಕೊಳ್ಳಿ. ಮರದ ನೆಲ, ಮರದ ತೊಲೆ. ಯಂತ್ರದಿಂದ ತೊಟ್ಟಿಕ್ಕಿದ ಎಣ್ಣೆ ನೆಲದ ಹಲಗೆಯೊಳಗೆ ಇಳಿದಿದೆ. ಗಾಳಿಯ ತುಂಬ ಹತ್ತಿಯ ಧೂಳು. ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು, ಆಗ ಮೇಣದ ಬತ್ತಿ, ಎಣ್ಣೆ ದೀಪ. ಇದು ಹೊತ್ತಿಕೊಳ್ಳದಿದ್ದರೆ ಆಶ್ಚರ್ಯ. 1786ರಲ್ಲಿ ಕಟ್ಟಿದ್ದ ಮೊದಲ ನಾರ್ತ್ ಮಿಲ್ 1803ರ ಜನವರಿಯಲ್ಲಿ ಸುಟ್ಟುಹೋಯಿತು.

ಜೆಡಿಡಾಯ 1797ರಲ್ಲೇ ತೀರಿಕೊಂಡಿದ್ದ. ಕಟ್ಟುವ ಕೆಲಸ ದೊಡ್ಡ ಮಗ ವಿಲಿಯಮ್‌ನ ಕೈಗೆ ಬಂತು. ಅವನ ತಲೆಯಲ್ಲಿ ಬೆಂಕಿಯ ಲೆಕ್ಕ ಹತ್ತು ವರ್ಷದಿಂದ ಓಡುತ್ತಿತ್ತು. ಡರ್ಬಿಯಲ್ಲಿ ಕಟ್ಟಿದ ಒಂದು ಗಿರಣಿಯಲ್ಲಿ ಕಂಬಗಳನ್ನು ಕಬ್ಬಿಣದಲ್ಲಿ ಎರಕ ಹೊಯ್ಸಿದ್ದ, ತೊಲೆ ಮಾತ್ರ ಮರದ್ದೇ, ಮೇಲೆ ಗಾರೆ. ಅಷ್ಟರಲ್ಲಿ ಶ್ರೂಸ್‌ಬರಿಯಲ್ಲಿ ಚಾರ್ಲ್ಸ್ ಬೇಜ್ ಅನ್ನುವವನು 1797ರಲ್ಲಿ ಕಂಬ, ತೊಲೆ ಎರಡನ್ನೂ ಕಬ್ಬಿಣದಲ್ಲೇ ಮಾಡಿಬಿಟ್ಟಿದ್ದ. ಜಗತ್ತಿನಲ್ಲಿ ಅದೇ ಮೊದಲು. ಇಬ್ಬರೂ ಪತ್ರ ಬರೆದುಕೊಳ್ಳುತ್ತಿದ್ದರು, ಲೆಕ್ಕ ಹಂಚಿಕೊಳ್ಳುತ್ತಿದ್ದರು. 1804ರ ನಾರ್ತ್ ಮಿಲ್ ಈ ಪತ್ರಗಳ ಫಲ.

ಒಳಗೆ ನಿಂತು ತಲೆ ಎತ್ತಿದರೆ ಕೆಲಸ ಅರ್ಥವಾಗುತ್ತದೆ. ಸಾಲಾಗಿ ಕೈಯಗಲದ ಎರಕದ ಕಂಬಗಳು. ಕಂಬದಿಂದ ಕಂಬಕ್ಕೆ ಎರಕದ ತೊಲೆ. ತೊಲೆಯಿಂದ ತೊಲೆಗೆ ಸಣ್ಣ ಸಣ್ಣ ಇಟ್ಟಿಗೆ ಕಮಾನು, ಮಗುಚಿಟ್ಟ ಬೋಗುಣಿಯ ಬೆನ್ನಿನ ಹಾಗೆ. ಕಮಾನಿನ ಮೇಲೆ ತುಂಬಿಸಿ, ಸಮ ಮಾಡಿ ಮೇಲಿನ ಅಂತಸ್ತಿನ ನೆಲ. ಮರ ಎಲ್ಲೂ ಬೆಂಕಿಗೆ ಸಿಗುವುದಿಲ್ಲ. ಆದರೆ ಕಮಾನಿಗೆ ಒಂದು ಕೆಟ್ಟ ಅಭ್ಯಾಸ, ಅದು ಸದಾ ಪಕ್ಕಕ್ಕೆ ತಳ್ಳುತ್ತಿರುತ್ತದೆ. ಅದಕ್ಕೆ ತೊಲೆಯಿಂದ ತೊಲೆಗೆ, ಬಡಿದು ಹದ ಮಾಡಿದ ಕಬ್ಬಿಣದ ಸಲಾಕೆ ಹಾಕಿ ಬಿಗಿದಿದ್ದಾರೆ. ಎರಕದ ಕಬ್ಬಿಣ ಭಾರ ಹೊರುತ್ತದೆ, ಎಳೆದರೆ ಪಟಕ್ಕನೆ ಮುರಿಯುತ್ತದೆ. ಬಡಿದ ಕಬ್ಬಿಣ ಎಳೆತ ತಡೆಯುತ್ತದೆ. ಎಲ್ಲಿ ಯಾವುದು ಅಂತ ಗೊತ್ತಿದ್ದವನು ಕಟ್ಟಿದ ಕಟ್ಟಡ ಇದು.

ಭಾರದ ಸಮಸ್ಯೆ ಉಳಿದಿತ್ತು. ಎಲ್ಲ ಕಡೆ ಇಟ್ಟಿಗೆ ಹಾಕಿದರೆ ತಲೆಭಾರ. ಅದಕ್ಕೆ ಮೇಲಿನ ಕಮಾನುಗಳಲ್ಲಿ ಇಟ್ಟಿಗೆಯ ಬದಲು ಸುಟ್ಟ ಮಣ್ಣಿನ ಟೊಳ್ಳು ಕುಡಿಕೆಗಳನ್ನು ಜೋಡಿಸಿದರು. ಹೂಕುಂಡದಂಥ ಕುಡಿಕೆಗಳು, ಒಳಗೆ ಬರೀ ಗಾಳಿ. ಗಟ್ಟಿಯೂ ಹೌದು, ಹಗುರವೂ ಹೌದು, ಸುಟ್ಟದ್ದು ಮತ್ತೆ ಸುಡುವುದೂ ಇಲ್ಲ. ಆ ಎರಕದ ತೊಲೆಗಳಿಗಿಂತ ನನಗೆ ಹೆಚ್ಚು ಇಷ್ಟವಾಗುವುದು ಈ ಕುಡಿಕೆಗಳೇ. ಸಾವಿರಾರು ವರ್ಷದ ಕುಂಬಾರಿಕೆಯನ್ನು ತಂದು ಹೊಚ್ಚಹೊಸ ಕಟ್ಟಡದ ನೆತ್ತಿಗೆ ಇಟ್ಟಿದ್ದಾರಲ್ಲ!

ಗೋಡೆ ಭಾರ ಹೊರುವ ಬದಲು ಒಳಗಿನ ಚೌಕಟ್ಟು ಭಾರ ಹೊರುವುದು ಅನ್ನುವ ಯೋಚನೆ ಇಲ್ಲಿ ಬೆಳೆಯಿತು. ಇಲ್ಲಿ ಹೊರಗೋಡೆ ಇನ್ನೂ ಹೊರುತ್ತಿತ್ತು ಅನ್ನಿ. ಅದೂ ಪೂರ್ತಿ ಕಳಚಿಕೊಳ್ಳಲು ಮುಂದೆ ಹಲವು ದಶಕ ಹಿಡಿಯಿತು. ಷಿಕಾಗೋದಲ್ಲಿ 1880ರ ದಶಕದಲ್ಲಿ ಎದ್ದ ಗಗನಚುಂಬಿಗಳ ವಂಶವೃಕ್ಷ ಹಿಡಿದು ಹಿಂದಕ್ಕೆ ಬಂದರೆ ಶ್ರೂಸ್‌ಬರಿ ಮತ್ತು ಬೆಲ್ಪರ್ ಸಿಗುತ್ತವೆ.

ಕಟ್ಟಡದ ಮೇಲಟ್ಟದಲ್ಲಿ ಭಾನುವಾರದ ಶಾಲೆ ನಡೆಯುತ್ತಿತ್ತು. ವಾರದ ಆರು ದಿನ ಕೆಳಗೆ ಕೆಲಸ, ಏಳನೆಯ ದಿನ ಮೇಲೆ ಪಾಠ. ಎಂಟು-ಹತ್ತು ವರ್ಷದ ಮಕ್ಕಳು ದಿನಕ್ಕೆ ಹನ್ನೆರಡು ತಾಸು ದುಡಿಯುತ್ತಿದ್ದ ಕಾಲ. 9 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು ಅನ್ನುವ ಕಾನೂನು ಬಂದದ್ದು 1833ರಲ್ಲಿ. ಸ್ಟ್ರಟ್ ಮನೆತನ ಒಳ್ಳೆಯ ಧಣಿಗಳು ಅಂತ ಹೆಸರಿತ್ತು, ಬೇರೆಯವರಿಗೆ ಹೋಲಿಸಿದರೆ ಅದು ಸುಳ್ಳೂ ಅಲ್ಲ. ಆದರೆ ಆ 'ಹೋಲಿಸಿದರೆ' ಅನ್ನುವ ಮಾತನ್ನು ಬಿಡಬಾರದು. ಒಳಗೆ ಬರುತ್ತಿದ್ದ ಹತ್ತಿಯನ್ನು ಬೆಳೆದವರಲ್ಲಿ ಹೆಚ್ಚಿನವರು ಅಟ್ಲಾಂಟಿಕ್‌ನ ಆಚೆಯ ತೋಟಗಳ ಗುಲಾಮರು ಅನ್ನುವುದನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು.

ಕೆಲಸದವರ ತಪ್ಪು ಬರೆದಿಟ್ಟು ದಂಡ ಹಾಕುತ್ತಿದ್ದ ಪುಸ್ತಕ ಉಳಿದುಬಂದಿದೆ, 1805ರಿಂದ ಕೆಲವು ವರ್ಷಗಳದ್ದು. ಅದನ್ನು ಓದಿದರೆ ನಗುವೂ ಬರುತ್ತದೆ, ಬೇಜಾರೂ ಆಗುತ್ತದೆ. ಕಿಟಕಿಯಿಂದ ಸಿಪಾಯಿಗಳನ್ನು ಕೂಗಿ ಕರೆದದ್ದು ಒಂದು ತಪ್ಪು. ಒಬ್ಬರ ಬೆನ್ನ ಮೇಲೊಬ್ಬರು ಸವಾರಿ ಮಾಡಿದ್ದು ಇನ್ನೊಂದು. ಕೆಲಸದ ಕೋಣೆಗೆ ಬಿಯರ್ ತರಿಸಿದ್ದು. ವಿಕಾರ ಮುಖ ಮಾಡಿ ಜೊತೆಯವಳನ್ನು ಹೆದರಿಸಿದ್ದು! ಬರೆದ ಮೇಲ್ವಿಚಾರಕ ಗಂಭೀರವಾಗಿಯೇ ಬರೆದಿದ್ದಾನೆ. ಆದರೆ ಆ ಸಾಲುಗಳ ಹಿಂದೆ ಹದಿಮೂರು, ಹದಿನಾಲ್ಕರ ಹುಡುಗ ಹುಡುಗಿಯರು ಕಾಣುತ್ತಾರೆ, ಅಲ್ವಾ? ಹೊರಗೆ ಬಿಸಿಲು, ಒಳಗೆ ಕದಿರಿನ ಗುಂಯ್ ಸದ್ದು, ಕಿಟಕಿಯಾಚೆ ಕೆಂಪು ಕೋಟಿನ ಸಿಪಾಯಿಗಳು.

ಮನೆಗಳ ಕಡೆ ಬರೋಣ. ಗಿರಣಿಯಿಂದ ಸ್ವಲ್ಪ ಮೇಲೆ ಲಾಂಗ್ ರೋ ಇದೆ, 1790ರ ದಶಕದ್ದು. ಉದ್ದಕ್ಕೆ ಒಂದಕ್ಕೊಂದು ಅಂಟಿದ ಕಲ್ಲಿನ, ಇಟ್ಟಿಗೆಯ ಮನೆಗಳು. ಅದರ ಪಕ್ಕದ 'ಕ್ಲಸ್ಟರ್ಸ್' ಮನೆಗಳು ಇನ್ನೂ ಚೆಂದ. ನಾಲ್ಕು ಮನೆ ಬೆನ್ನಿಗೆ ಬೆನ್ನು ಕೊಟ್ಟು ಒಂದು ಗುಂಪು, ಸುತ್ತ ತೋಟ. ಬೀದಿಗಳಿಗೆ ಜೆಡಿಡಾಯನ ಮೂವರು ಗಂಡುಮಕ್ಕಳ ಹೆಸರು: ವಿಲಿಯಮ್, ಜಾರ್ಜ್, ಜೋಸೆಫ್. ಬಾಡಿಗೆ ಸಂಬಳದಲ್ಲೇ ಮುರಿದುಕೊಳ್ಳುತ್ತಿದ್ದರು. ಧಣಿಗಳದ್ದೇ ತೋಟ, ಧಣಿಗಳದ್ದೇ ದನ. ಹಾಲು, ಕಲ್ಲಿದ್ದಲು ಕೂಡ ಅಲ್ಲಿಂದಲೇ, ಅದರ ಲೆಕ್ಕವೂ ಸಂಬಳದಿಂದಲೇ. ಕೊಟ್ಟ ದುಡ್ಡು ಒಂದು ಸುತ್ತು ಹೊಡೆದು ಮನೆಗೆ ವಾಪಸ್. ಯಂತ್ರ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಈ ಯಂತ್ರವನ್ನು ತಲೆಯಲ್ಲಿಟ್ಟುಕೊಂಡು ಓಡಿಹೋದವನೊಬ್ಬನಿದ್ದ. ಸ್ಯಾಮ್ಯುಯೆಲ್ ಸ್ಲೇಟರ್, 1768ರಲ್ಲಿ ಬೆಲ್ಪರ್‌ನಲ್ಲೇ ಹುಟ್ಟಿದವನು. ಅಪ್ಪ ತೀರಿಕೊಂಡ ಮೇಲೆ ಹದಿಹರೆಯದಲ್ಲೇ ಜೆಡಿಡಾಯನ ಕೈಕೆಳಗೆ ಸೇರಿ, ಪಕ್ಕದ ಮಿಲ್‌ಫರ್ಡ್ ಗಿರಣಿಯಲ್ಲಿ ಕೆಲಸ ಕಲಿತ. ಆ ಕಾಲದಲ್ಲಿ ಯಂತ್ರವನ್ನಾಗಲಿ ಅದರ ನಕಾಶೆಯನ್ನಾಗಲಿ ದೇಶದಿಂದ ಹೊರಗೆ ಒಯ್ಯುವಂತಿರಲಿಲ್ಲ. ಕೆಲಸ ಗೊತ್ತಿದ್ದವರೂ ಹೋಗುವಂತಿರಲಿಲ್ಲ. 1789ರಲ್ಲಿ ಅವನು ರೈತನ ವೇಷ ಹಾಕಿ ಹಡಗು ಹತ್ತಿದ. ಕೈಯಲ್ಲಿ ಒಂದು ಗೆರೆಯ ನಕಾಶೆಯೂ ಇರಲಿಲ್ಲ, ಎಲ್ಲ ನೆನಪಿನಲ್ಲೇ. ಮರುವರ್ಷದ ಕೊನೆಗೆ ಅಮೆರಿಕದ ರೋಡ್ ಐಲೆಂಡ್‌ನ ಪಾಟಕೆಟ್‌ನಲ್ಲಿ ನೀರಿನಿಂದ ನೂಲುವ ಯಂತ್ರ ಓಡತೊಡಗಿತು. ಮೊದಲ ಕೆಲಸಗಾರರು 7ರಿಂದ 12 ವರ್ಷದ ಒಂಬತ್ತು ಮಕ್ಕಳು. ಆಮೇಲೆ ಇಡೀ ಸಂಸಾರಗಳನ್ನು ಕೆಲಸಕ್ಕಿಟ್ಟುಕೊಳ್ಳುವುದು, ಮನೆ ಕಟ್ಟಿಕೊಡುವುದು, ಭಾನುವಾರದ ಶಾಲೆ ಎಲ್ಲವೂ ಅಲ್ಲಿಗೆ ಹೋದವು. ಅವನು ಕದ್ದದ್ದು ಬರೀ ಯಂತ್ರವಲ್ಲ, ಬೆಲ್ಪರನ್ನೇ. ಅಮೆರಿಕದಲ್ಲಿ ಅವನು ಕೈಗಾರಿಕೆಯ ಪಿತಾಮಹ. ಹುಟ್ಟಿದ ಊರಲ್ಲಿ 'ಸ್ಲೇಟರ್ ದ ಟ್ರೇಟರ್', ಅಂದರೆ ದ್ರೋಹಿ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 1840ರಲ್ಲಿ ರೈಲು ಬಂತು. ಊರಿನ ನಡುವೆ ಆಳದ ಕಂದಕ ತೋಡಿ ಹಳಿ ಹಾಕಿದರು, ಲಾಂಗ್ ರೋ ಎರಡು ತುಂಡಾಯಿತು. ಅದೇ ಹೊತ್ತಿಗೆ ಊರ ಹೊರಗೆ ಇನ್ನೊಂದು ದೊಡ್ಡ ಕಟ್ಟಡ ಎದ್ದಿತು. 1834ರ ಹೊಸ ಕಾನೂನು ಬಡವರ ಹೊಣೆಯನ್ನು ಒಂಟಿ ಪ್ಯಾರಿಷ್‌ಗಳಿಂದ ತೆಗೆದು ಹಲವು ಪ್ಯಾರಿಷ್‌ಗಳ ಒಕ್ಕೂಟಕ್ಕೆ ಕೊಟ್ಟಿತ್ತು. ಒಕ್ಕೂಟ ಕಟ್ಟಿಸಿದ್ದು ವರ್ಕ್‌ಹೌಸ್. ಅನ್ನ ಬೇಕಾದರೆ ಒಳಗೆ ಬಂದು ದುಡಿಯಿರಿ, ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಬೆಲ್ಪರ್ ವರ್ಕ್‌ಹೌಸಿನ ವಿನ್ಯಾಸ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಮತ್ತು ಅವನ ಪಾಲುದಾರ ಮೊಫಟ್‌ರದ್ದು. ಸ್ಕಾಟ್ ಅಂದರೆ ಯಾರು? ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ ನೋಡಿದ್ದೀರಲ್ಲ, ಅದರ ನಕಾಶೆ ಮಾಡಿದವನು ಅವನೇ. ಗೋಪುರ ಕಟ್ಟುವ ಕೈ ಪಳಗಿದ್ದು ಬಡವರನ್ನು ಕೂಡಿಹಾಕುವ ಮನೆಗಳಲ್ಲಿ. ಬೆಲ್ಪರ್‌ನದ್ದು ಮುಂದೆ ಬ್ಯಾಬಿಂಗ್ಟನ್ ಆಸ್ಪತ್ರೆಯಾಯಿತು.

ಮೊಳೆಯನ್ನು ಮೊಳೆ ಮಾಡುವ ಯಂತ್ರ ಕೊಂದಿತು. ಗಿರಣಿಯನ್ನು ಲ್ಯಾಂಕಶೈರಿನ ಉಗಿಯಂತ್ರಗಳು ಹಿಂದೆ ಹಾಕಿದವು. 1897ರಲ್ಲಿ ಸ್ಟ್ರಟ್ ಗಿರಣಿಗಳು ಇಂಗ್ಲಿಷ್ ಸೀವಿಂಗ್ ಕಾಟನ್ ಕಂಪನಿಯ ಪಾಲಾದವು. ಹೊಲಿಗೆ ದಾರ ಮಾಡುವ ಆ ಕಂಪನಿಯೇ ಕೆಂಪು ಈಸ್ಟ್ ಮಿಲ್ ಕಟ್ಟಿಸಿದ್ದು. 1960ರ ಆಸುಪಾಸಿನಲ್ಲಿ ಹಳೆಯ ಗಿರಣಿಗಳನ್ನು ಒಂದೊಂದಾಗಿ ಕೆಡವಿದರು. ಅದರಲ್ಲಿ ಒಂದು ದುಂಡಗಿನ ಗಿರಣಿ, ರೌಂಡ್ ಮಿಲ್, ಹೋದದ್ದು ನಿಜಕ್ಕೂ ಹೊಟ್ಟೆ ಉರಿಯುವಂಥದ್ದು. ನಡುವೆ ನಿಂತ ಒಬ್ಬನೇ ಮೇಲ್ವಿಚಾರಕನಿಗೆ ಸುತ್ತಲಿನ ಎಲ್ಲ ಕೋಣೆಗಳೂ ಕಾಣುವ ಹಾಗೆ, ಹೋಳು ಮಾಡಿದ ಕೇಕಿನಂತೆ ಕಟ್ಟಿದ್ದರು. 1991ರಲ್ಲಿ ಗಿರಣಿ ಕೆಲಸವೇ ನಿಂತಿತು. ಹತ್ತು ವರ್ಷದ ಮೇಲೆ, 2001ರಲ್ಲಿ, ಮ್ಯಾಟ್ಲಾಕ್ ಬಾತ್‌ನಿಂದ ಡರ್ಬಿಯವರೆಗಿನ ಸುಮಾರು 24 ಕಿಲೋಮೀಟರ್ ಕಣಿವೆಯನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಲ್ಪರ್ ಅದರ ನಟ್ಟನಡುವೆ.

ಆಶ್‌ಬೋರ್ನ್ ರಸ್ತೆಯ ಮೇಲೆ ಗಿರಣಿಯಿಂದ ಗಿರಣಿಗೆ ದಾಟಲು ಕಟ್ಟಿದ್ದ ಕಮಾನು ಮಾತ್ರ ಉಳಿದಿದೆ. ಅದರ ಗೋಡೆಯಲ್ಲಿ ಪುಟ್ಟ ಕಂಡಿಗಳಿವೆ, ಬಂದೂಕಿನ ನಳಿಕೆ ತೂರಿಸುವಷ್ಟು. ಯಂತ್ರ ಒಡೆಯುವ ಜನ ದಂಗೆ ಎದ್ದು ಬಂದರೆ ಇರಲಿ ಅಂತ. ಒಳ್ಳೆಯ ಧಣಿಗಳ ಗಿರಣಿಯಲ್ಲೂ ಬಂದೂಕಿಗೆ ಒಂದು ಜಾಗ ಇತ್ತು.

ಸ್ಲೇಟರ್ ವಿಷಯದಲ್ಲಿ ಊರಿನ ಸಿಟ್ಟು ಈಗ ಆರಿದೆ. ಬೆಲ್ಪರ್ ಮತ್ತು ಪಾಟಕೆಟ್ ಈಗ ಅಧಿಕೃತವಾಗಿ ಅವಳಿ ಊರುಗಳು. ಆ ಸ್ನೇಹದ ಗುರುತಿಗೆ 2001ರಲ್ಲಿ ಅಮೆರಿಕದವರು ಒಂದು ಉಡುಗೊರೆ ಕಳಿಸಿದರು. ಪಾಟಕೆಟ್‌ನಲ್ಲಿ ಹ್ಯಾಸ್‌ಬ್ರೋ ಆಟಿಕೆ ಕಂಪನಿಯ ಮುಖ್ಯ ಕಚೇರಿ ಇತ್ತು. ಹಾಗಾಗಿ ಬಂದದ್ದು ಆಳೆತ್ತರದ ಫೈಬರ್‌ಗ್ಲಾಸ್ ಗೊಂಬೆ, ಮಿಸ್ಟರ್ ಪೊಟೇಟೊ ಹೆಡ್, ಆಲೂಗಡ್ಡೆ ಮುಖದವನು. ಊರಿನವರಿಗೆ ಅದು ಹಿಡಿಸಲಿಲ್ಲ. ನೋಡಲು ವಿಕಾರ ಅಂತ ದೂರು ಬಂತು. ಕೊನೆಗೆ ಅದನ್ನು ಅಲ್ಲಿಂದ ಎತ್ತಿಬಿಟ್ಟರು.